ಮೂರು ಫೋನ್, ಎರಡು ಲ್ಯಾಪ್‌ಟಾಪ್, ಅಪ್ಪನ ಡೈರಿ: ಪಾಸ್‌ವರ್ಡ್ ಎಲ್ಲಿಡ್ತೀರಿ? ಬಳಸಿದವರು ಹೇಳಿ

ವಿಜಯನಗರದವ
ನನ್ನದು ಆಂಡ್ರಾಯ್ಡ್, ಹೆಂಡತಿಯದು ಐಫೋನ್. ಮನೆ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 24.04. ಆಫೀಸಿನದು ವಿಂಡೋಸ್, ಅದರ ಬ್ರೌಸರ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕೋಕೆ ಬಿಡಲ್ಲ. ಅಪ್ಪನಿಗೆ ಬೇರೆ ಫೋನ್, ಅವರ ಪಾಸ್‌ವರ್ಡ್‌ಗಳೆಲ್ಲ ಡೈರಿಯ ಕೊನೇ ಪುಟದಲ್ಲಿ. ನನ್ನ 140 ಲಾಗಿನ್ ಕ್ರೋಮ್‌ನಲ್ಲಿವೆ, ಒಂದಷ್ಟು ವಾಟ್ಸಾಪ್‌ನಲ್ಲಿ ನನಗೆ ನಾನೇ ಕಳಿಸಿಕೊಂಡಿದ್ದು. ವರ್ಷಕ್ಕೆ ಸಾವಿರ ರೂಪಾಯಿ ದಾಟಬಾರದು. ಪಾಸ್‌ವರ್ಡ್‌ಗಳನ್ನೆಲ್ಲ ಒಂದೇ ಮಾಸ್ಟರ್ ಪಾಸ್‌ವರ್ಡ್ ಹಿಂದೆ ಬೀಗ ಹಾಕಿಡೋ ಆ್ಯಪ್ ಬೇಕು, ಯಾವುದಕ್ಕೆ ಹೋಗಲಿ?

ಕೀಲಿಗೊಂಚಲು
ಕೀಪಾಸ್‌ಎಕ್ಸ್‌ಸಿ, ಬೇರೆ ಮಾತೇ ಇಲ್ಲ. ಪಾಸ್‌ವರ್ಡೆಲ್ಲ ನಿಮ್ಮಲ್ಲೇ ಇರೋ ಒಂದು ಬೀಗದ ಕಡತದಲ್ಲಿರುತ್ತೆ. 612 ಎಂಟ್ರಿ ಇದ್ರೂ ಕಡತ 1 ಎಂಬಿ ಆಗಲ್ಲ, ಖರ್ಚು ಸೊನ್ನೆ. ಲ್ಯಾಪ್‌ಟಾಪ್‌ನಲ್ಲಿ ಅದು, ಫೋನ್‌ನಲ್ಲಿ ಅದೇ ಕಡತ ತೆರೆಯೋ ಕೀಪಾಸ್‌ಡಿಎಕ್ಸ್, ನಡುವೆ ಎರಡೂ ಕಡೆ ಕಡತ ಒಂದೇ ಥರ ಇಡೋ ಸಿಂಕ್‌ಥಿಂಗ್. ಯಾರ ಸರ್ವರ್‌ನ ಹಂಗೂ ಇಲ್ಲ.

ಕೈ ಕೊಡೋ ಜಾಗ ಎಲ್ಲಿ ಅಂತ ಹೇಳ್ತೀನಿ, ಯಾಕಂದ್ರೆ ಹೊಗಳೋರು ಇದನ್ನ ಹೇಳಲ್ಲ. ಫೋನ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಕಡತ ತೆರೆದಿಟ್ಟು ಎರಡೂ ಕಡೆ ಸೇವ್ ಮಾಡಿದರೆ ಸಿಂಕ್‌ಥಿಂಗ್ ಒಂದನ್ನು ‘ಸಿಂಕ್-ಕಾನ್‌ಫ್ಲಿಕ್ಟ್’ ಅಂತ ತಾರೀಖು ಸಮೇತ ಹೆಸರಿಟ್ಟು ಪಕ್ಕಕ್ಕೆ ಇಡುತ್ತೆ. ಜನ ಅದನ್ನ ಕಸ ಅಂದ್ಕೊಂಡು ಅಳಿಸ್ತಾರೆ, ಅದರ ಜೊತೆ ನಿನ್ನೆ ಬದಲಿಸಿದ ಪಾಸ್‌ವರ್ಡೂ ಹೋಗುತ್ತೆ. ಡೇಟಾಬೇಸ್ ಮೆನುವಿನಲ್ಲಿ ‘ಮರ್ಜ್ ಫ್ರಮ್ ಡೇಟಾಬೇಸ್’ ಒತ್ತಿ ಆ ಕಡತ ತೋರಿಸಿ. ಪ್ರತಿ ಎಂಟ್ರಿಯಲ್ಲೂ ಹೊಸದು ಯಾವುದು ಅಂತ ನೋಡಿ ಸೇರಿಸಿಕೊಳ್ಳುತ್ತೆ. ಆಮೇಲೆ ಅಳಿಸಿ.

ಸಿಂಕ್‌ಥಿಂಗ್‌ನವರ ಸ್ವಂತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರ್‌ಗೇ ನಿಂತಿತು, ಈಗ ಹಾಕಬೇಕಾದ್ದು ‘ಸಿಂಕ್‌ಥಿಂಗ್-ಫೋರ್ಕ್’. ಬ್ಯಾಟರಿ ಆಪ್ಟಿಮೈಸೇಶನ್ ಆಫ್ ಮಾಡದಿದ್ದರೆ ಪರದೆ ಆರಿದ ಸ್ವಲ್ಪ ಹೊತ್ತಿಗೇ ಆಂಡ್ರಾಯ್ಡ್ ಅದರ ಕತ್ತು ಹಿಸುಕುತ್ತೆ. ಇನ್ನು ಮಾಸ್ಟರ್ ಪಾಸ್‌ವರ್ಡ್ ಊಹಿಸೋದನ್ನ ನಿಧಾನ ಮಾಡೋ ಆರ್ಗಾನ್2 ಲೆಕ್ಕದ ಮೆಮೊರಿಯನ್ನ 16 ಜಿಬಿ ಲ್ಯಾಪ್‌ಟಾಪ್‌ನ ಧೈರ್ಯದಲ್ಲಿ 1 ಜಿಬಿಗೆ ಏರಿಸಬೇಡಿ. 3 ಜಿಬಿ ರ‍್ಯಾಮ್ ಫೋನ್‌ನಲ್ಲಿ ಕಡತ ತೆರೆಯೋದೇ ಇಲ್ಲ. 64 ಎಂಬಿ ಸಾಕು. ಕೀ ಫೈಲ್ (ಮಾಸ್ಟರ್ ಪಾಸ್‌ವರ್ಡ್ ಜೊತೆ ಬೇಕಾಗೋ ಎರಡನೇ ಕೀಲಿ) ಮಾಡಿಕೊಂಡರೆ ಅದನ್ನ ಕೇಬಲ್ ಹಾಕಿ ಫೋನ್‌ಗೆ ಸಾಗಿಸಿ, ಕಡತ ಸಿಂಕ್ ಆಗೋ ಫೋಲ್ಡರ್‌ಗೆ ಮಾತ್ರ ಹಾಕಬೇಡಿ. ಬೀಗದ ಮೇಲೇ ಕೀಲಿ ನೇತುಹಾಕಿದಂಗೆ ಅದು.

ಉಬುಂಟು ಅಂದ್ರಲ್ಲ, ಅದರಲ್ಲಿ 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿ, ಅಂದ್ರೆ ಬೇರೆ ಆ್ಯಪ್‌ಗಳಿಂದ ಪ್ರತ್ಯೇಕಿಸಿದ ಪೊಟ್ಟಣವಾಗಿ ಬರುತ್ತೆ, ಬ್ರೌಸರ್ ಎಕ್ಸ್‌ಟೆನ್ಶನ್ ಕೀಪಾಸ್‌ಎಕ್ಸ್‌ಸಿ ಜೊತೆ ಮಾತಾಡೋಕೆ ತಕರಾರು ಮಾಡುತ್ತೆ. ಸ್ನ್ಯಾಪ್ ತೆಗೆದು ಮೊಜಿಲ್ಲಾದ ಸ್ವಂತ ರೆಪಾಸಿಟರಿಯ ಡೆಬ್ (ಮಾಮೂಲಿ ಪೊಟ್ಟಣ) ಹಾಕಿ. ಆಟೋ-ಟೈಪ್ (ಪಾಸ್‌ವರ್ಡ್ ತಾನೇ ಟೈಪ್ ಆಗೋದು) ಬೇಕಿದ್ರೆ ಲಾಗಿನ್ ಪರದೆಯ ಗೇರ್ ಗುರುತಲ್ಲಿ ‘ಉಬುಂಟು ಆನ್ ಕ್ಸಾರ್ಗ್’ ಆರಿಸಿ, ಉಬುಂಟು ಮಾಮೂಲಾಗಿ ಬಳಸೋ ವೇಲ್ಯಾಂಡ್ ಪರದೆ ವ್ಯವಸ್ಥೆಯಲ್ಲಿ ಅದು ನೆಟ್ಟಗೆ ನಡೆಯಲ್ಲ.

ಚುರುಮುರಿ
ಇಷ್ಟೆಲ್ಲ ಹೇಳಿದ್ರಿ, ಅವರ ಹೆಂಡತಿಯ ಐಫೋನ್‌ಗೆ ಸಿಂಕ್‌ಥಿಂಗ್ ಎಲ್ಲಿಂದ ತರ್ತೀರಿ?

ಬಿಟ್‌ವಾರ್ಡನ್ ಉಚಿತ ಖಾತೆ ಸಾಕು. ಅದರಲ್ಲಿ ವಾಲ್ಟ್, ಅಂದ್ರೆ ಪಾಸ್‌ವರ್ಡ್ ತಿಜೋರಿ, ಬೀಗ ಹಾಕಿದ ಹಾಗೇ ಅವರ ಸರ್ವರ್‌ನಲ್ಲಿರುತ್ತೆ. ಎಷ್ಟು ಸಾಧನ ಬೇಕಾದ್ರೂ, ಎಷ್ಟು ಎಂಟ್ರಿ ಬೇಕಾದ್ರೂ. ಇಬ್ಬರ ಆರ್ಗನೈಸೇಶನ್ ಕೂಡ ಉಚಿತ, ಗಂಡ-ಹೆಂಡತಿಗೆ ಗ್ಯಾಸ್, ಇಂಟರ್ನೆಟ್, ಮಕ್ಕಳ ಸ್ಕೂಲ್ ಲಾಗಿನ್ ಹಂಚಿಕೊಳ್ಳೋಕೆ ಅದೇ ಬೇಕಾದಷ್ಟು. 2023ರಿಂದ ಆರ್ಗಾನ್2ಐಡಿ ಇದೆ: ಸೆಟ್ಟಿಂಗ್ಸ್, ಸೆಕ್ಯೂರಿಟಿ, ಕೀಸ್. ಅಲ್ಲಿ ಮೊದಲೇ ಇರೋ ಅಂಕಿಗಳನ್ನ ಹಾಗೇ ಬಿಡಿ. ಮೆಮೊರಿ ಏರಿಸಿದರೆ ಐಫೋನ್‌ನ ಆಟೋಫಿಲ್ ಉಸಿರುಗಟ್ಟುತ್ತೆ, ಆ ಕಿಂಡಿಗೆ ಆ್ಯಪಲ್ ಕೊಡೋ ಮೆಮೊರಿಯೇ ಅಷ್ಟು. ಇದನ್ನ ಬದಲಿಸಿದ ಕ್ಷಣ ಎಲ್ಲ ಸಾಧನಗಳಿಂದ್ಲೂ ಲಾಗೌಟ್ ಆಗಬಹುದು, ಅದಕ್ಕೇ ಮೊದಲು ಎಕ್ಸ್‌ಪೋರ್ಟ್ ತಗೊಳ್ಳಿ. ಆಗ ‘ಅಕೌಂಟ್ ರಿಸ್ಟ್ರಿಕ್ಟೆಡ್’ ಅಲ್ಲ, ‘ಪಾಸ್‌ವರ್ಡ್ ಪ್ರೊಟೆಕ್ಟೆಡ್’ ಆರಿಸಬೇಕು. ಮೊದಲನೆಯದು ಅದೇ ಖಾತೆಗೆ ಮಾತ್ರ ವಾಪಸ್ ಹೋಗುತ್ತೆ, ಎನ್‌ಕ್ರಿಪ್ಶನ್ ಕೀ ಬದಲಿಸಿದ್ರೆ ಅದಕ್ಕೂ ಇಲ್ಲ. ಬ್ಯಾಕಪ್ ಇದೆ ಅನ್ನೋ ಸಮಾಧಾನಕ್ಕೆ ಇಟ್ಕೊಂಡ ಕಲ್ಲು ಅಷ್ಟೇ.

ನಿಜವಾದ ಗುಂಡಿ ಬೇರೆ ಇದೆ. 2025ರಿಂದ, ಎರಡನೇ ಹಂತ (ಪಾಸ್‌ವರ್ಡ್ ಮೇಲೆ ಇನ್ನೊಂದು ಕೋಡ್) ಹಾಕದ ಖಾತೆಗೆ ಹೊಸ ಸಾಧನದಿಂದ ಲಾಗಿನ್ ಆದ್ರೆ ಇಮೇಲ್‌ಗೆ ಕೋಡ್ ಬರುತ್ತೆ. ಇಮೇಲ್‌ನ ಪಾಸ್‌ವರ್ಡ್ ಎಲ್ಲಿದೆ? ವಾಲ್ಟ್ ಒಳಗೆ. ಇಮೇಲ್‌ನ ಎರಡನೇ ಹಂತ ಎಲ್ಲಿದೆ? ಮೆಜೆಸ್ಟಿಕ್‌ನಲ್ಲಿ ಯಾವುದೋ ಬಸ್ ಹತ್ತುವಾಗ ಹೋದ ಫೋನಲ್ಲಿ. ಅದೇ ದಿನ ಹೊಸ ಸಿಮ್ ತಗೊಂಡ್ರೂ ಮೊದಲ 24 ಗಂಟೆ ಎಸ್‌ಎಂಎಸ್ ಬರಲ್ಲ, ಸಿಮ್ ಸ್ವಾಪ್ ವಂಚನೆ ತಡೆಯೋಕೆ ಅಂತ ಇರೋ ನಿಯಮ ಅದು. ಹಾಗಾಗಿ ಎರಡನೇ ಹಂತಕ್ಕೆ ಏಜಿಸ್ ಅಥವಾ ಎಂಟೆ ಆತ್ ಅನ್ನೋ ಕೋಡ್ ಆ್ಯಪ್ ಹಾಕಿ, ಬಿಟ್‌ವಾರ್ಡನ್ ಕೊಡೋ 32 ಅಕ್ಷರದ ರಿಕವರಿ ಕೋಡ್ ಕಾಗದಕ್ಕೆ ಇಳಿಸಿ. ಕಾಗದಕ್ಕೆ. ಅದರ ಫೋಟೋ ತೆಗೆದು ಅದೇ ಫೋನ್‌ನ ಗ್ಯಾಲರಿಯಲ್ಲಿ ಇಡೋರಿಗೆ ಏನ್ ಹೇಳಲಿ.

ಪೈಮಾಮ
ಚುರುಮುರಿಯವರ ವಾಲ್ಟ್ ಯಾರದ್ದೋ ಕಂಪ್ಯೂಟರ್‌ನಲ್ಲಿದೆ. ನನ್ನದು ನಮ್ಮ ಮನೆ ಶೂ ಸ್ಟ್ಯಾಂಡ್ ಮೇಲಿದೆ. ವಾಲ್ಟ್‌ವಾರ್ಡನ್, ಬಿಟ್‌ವಾರ್ಡನ್ ಆ್ಯಪ್‌ಗಳ ಜೊತೆ ನಡೆಯೋ, ಮನೇಲೇ ಓಡಿಸೋ ಸರ್ವರ್.

ಲೆಕ್ಕ ಕೊಡ್ತೀನಿ, ನಾನು ತಗೊಂಡಾಗ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿದ್ದ ದರ: ರಾಸ್ಪ್‌ಬೆರಿ ಪೈ 4 ಅನ್ನೋ ಅಂಗೈಯಗಲದ ಕಂಪ್ಯೂಟರ್, 2 ಜಿಬಿ ಬೋರ್ಡ್ 4,300. ಅಡಾಪ್ಟರ್ 650. ಕೇಸು, ಹೀಟ್‌ಸಿಂಕ್ 380. 128 ಜಿಬಿ ಎಸ್‌ಎಸ್‌ಡಿ 1,150. ಯುಎಸ್‌ಬಿ ಕೇಬಲ್ 420. ಒಟ್ಟು 6,900. ಎಸ್‌ಡಿ ಕಾರ್ಡ್ ಮೇಲೆ ಮಾತ್ರ ಓಡಿಸಬೇಡಿ, ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬಂದ್ರೆ ಕಾರ್ಡ್ ಸಾಯುತ್ತೆ. ರೂಟರ್‌ಗೆ ಇಟ್ಟ ಮಿನಿ ಯುಪಿಎಸ್‌ನಿಂದಲೇ ಪೈಗೂ ಎಳೆಯೋಣ ಅಂದ್ಕೋಬೇಡಿ. ಅದರ 5 ವೋಲ್ಟ್ ಪೋರ್ಟ್ ಸಾಮಾನ್ಯವಾಗಿ 2 ಆಂಪಿಯರ್, ಪೈ 4 ಕೇಳೋದು 5.1 ವೋಲ್ಟ್, 3 ಆಂಪಿಯರ್. ಎಸ್‌ಎಸ್‌ಡಿ ಸೇರಿದ ಮೇಲೆ ಅಂಡರ್‌ವೋಲ್ಟೇಜ್ ಆಗಿ ಬರೆಯುವ ಮಧ್ಯದಲ್ಲೇ ಕೂತುಬಿಡುತ್ತೆ. ಕರೆಂಟು: 5 ವ್ಯಾಟ್, ವರ್ಷಕ್ಕೆ 43.8 ಯೂನಿಟ್, ಯೂನಿಟ್‌ಗೆ 6 ರೂಪಾಯಿ ಅಂದ್ರೂ 263. ಗೃಹಜ್ಯೋತಿ ಇರೋರಿಗೆ ಅದೂ ಇಲ್ಲ.

ವಾಲ್ಟ್‌ವಾರ್ಡನ್ ಅನ್ನ ಡಾಕರ್‌ನಲ್ಲಿ (ಸರ್ವರ್ ಆ್ಯಪ್ ಓಡಿಸೋ ಡಬ್ಬಿ) ಏರಿಸಿ, ನಿಮ್ಮ ಖಾತೆ ಮಾಡಿಕೊಂಡ ತಕ್ಷಣ ಸೈನಪ್ ಆಯ್ಕೆಯನ್ನ ಫಾಲ್ಸ್ ಮಾಡಿ. ಎಚ್‌ಟಿಟಿಪಿಎಸ್ ಇಲ್ಲದೆ ವೆಬ್ ವಾಲ್ಟ್ ತೆರೆಯಲ್ಲ, ಬ್ರೌಸರ್ ತನ್ನ ಕ್ರಿಪ್ಟೊ ಸೌಲಭ್ಯವನ್ನ ಸುರಕ್ಷಿತ ವಿಳಾಸಕ್ಕೆ ಮಾತ್ರ ಕೊಡೋದು. ನಮ್ಮ ಊರಿನ ಬ್ರಾಡ್‌ಬ್ಯಾಂಡ್‌ಗಳು ಬಹುತೇಕ ಸಿಜಿನ್ಯಾಟ್ (ಹಲವು ಮನೆಗೆ ಒಂದೇ ಇಂಟರ್ನೆಟ್ ವಿಳಾಸ) ಹಿಂದೆ ಇರೋದ್ರಿಂದ ಪೋರ್ಟ್ ಫಾರ್ವರ್ಡ್ ಮಾಡಿ ಹೊರಗಿಂದ ಮನೆ ಸರ್ವರ್ ಮುಟ್ಟೋದು ಕನಸು. ನಿಮ್ಮ ಸಾಧನಗಳನ್ನಷ್ಟೇ ಜೋಡಿಸೋ ಖಾಸಗಿ ವಿಪಿಎನ್ ಟೇಲ್‌ಸ್ಕೇಲ್ ಹಾಕಿ. ಅದರ ‘ಸರ್ವ್’ ಬಳಸಿದ್ರೆ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ತಾನೇ ನವೀಕರಣ ಆಗುತ್ತೆ. ‘ಸರ್ಟ್’ ಅಂತ ಕೈಯಲ್ಲಿ ತೆಗೆದಿದ್ರೆ 90 ದಿನಕ್ಕೊಮ್ಮೆ ನೀವೇ ಮಾಡಬೇಕು, 91ನೇ ದಿನ ಎಲ್ಲರ ಫೋನೂ ಒಟ್ಟಿಗೇ ಬೊಬ್ಬೆ ಹೊಡೆಯುತ್ತೆ.

ಚುರುಮುರಿ
ಬ್ಯಾಕಪ್ ಬಗ್ಗೆ ಒಂದಕ್ಷರ ಇಲ್ಲ ನೋಡಿ. ಶೂ ಸ್ಟ್ಯಾಂಡ್ ಮೇಲೆ ಇರೋದು ವಾಲ್ಟ್ ಅಲ್ಲ, ಅದೃಷ್ಟ.

ಪೈಮಾಮ
ಸ್ವಾಮಿ, ಕೇಳಿದ್ರೆ ಹೇಳ್ತಿದ್ದೆ. ಸರ್ವರ್ ಓಡ್ತಿರುವಾಗ ವಾಲ್ಟ್ ಇರೋ ಎಸ್‌ಕ್ಯೂಲೈಟ್ ಡೇಟಾಬೇಸ್ ಕಡತವನ್ನ ಸುಮ್ಮನೆ ಕಾಪಿ ಮಾಡಿದ್ರೆ ಅರೆಬೆಂದ ಅನ್ನ ಸಿಗುತ್ತೆ, ಇತ್ತೀಚಿನ ಬದಲಾವಣೆ ಎಲ್ಲ ಪಕ್ಕದ ‘ಡಬ್ಲ್ಯುಎಎಲ್’ ಕಡತದಲ್ಲಿರುತ್ತೆ. ‘ಡಾಟ್ ಬ್ಯಾಕಪ್’ ಆದೇಶ ಬಳಸಬೇಕು. ಜೊತೆಗೆ ಅಟ್ಯಾಚ್‌ಮೆಂಟ್ಸ್ ಫೋಲ್ಡರ್, ಆರ್‌ಎಸ್‌ಎ ಕೀ, ಕಾನ್ಫಿಗ್. ರಾತ್ರಿ 2ಕ್ಕೆ ಕ್ರಾನ್‌ನಿಂದ ತಾನಾಗಿ, ಭಾನುವಾರ ಪೆನ್ ಡ್ರೈವ್‌ಗೆ. ಪೈ ಸತ್ತೇ ಹೋದ್ರೂ ಫೋನ್‌ನಲ್ಲಿ ಕ್ಯಾಶ್ ಆದ (ಪ್ರತಿ ಉಳಿದ) ವಾಲ್ಟ್ ಓದಬಹುದು, ಹೊಸದು ಸೇರಿಸೋಕೆ ಆಗಲ್ಲ ಅಷ್ಟೇ.

ಚುರುಮುರಿ
‘ವಾಲ್ಟ್ ಟೈಮೌಟ್’ ಕ್ರಿಯೆ ‘ಲಾಕ್’ ಇದ್ದರೆ ಮಾತ್ರ. ‘ಲಾಗೌಟ್’ ಇಟ್ಟಿದ್ದರೆ ಕ್ಯಾಶೂ ಇಲ್ಲ, ಗೀಶೂ ಇಲ್ಲ. ಇನ್ನೊಂದು, ಪ್ಲೇ ಸ್ಟೋರ್ ರಾತ್ರೋರಾತ್ರಿ ಬಿಟ್‌ವಾರ್ಡನ್ ಆ್ಯಪ್ ಅಪ್‌ಡೇಟ್ ಮಾಡಿಬಿಟ್ರೆ, ಆರು ತಿಂಗಳು ಮುಟ್ಟದ ನಿಮ್ಮ ಸರ್ವರ್ ಜೊತೆ ಸಿಂಕ್ ಮುರಿಯಬಹುದು. ಟೇಲ್‌ಸ್ಕೇಲ್ ಫೋನ್‌ನ ಒಂದೇ ಒಂದು ವಿಪಿಎನ್ ಜಾಗ ಹಿಡಿಯುತ್ತೆ, ಆಫೀಸ್ ವಿಪಿಎನ್ ಆನ್ ಮಾಡಿದ್ರೆ ಇದು ಆಫ್. ಹೆಂಡತಿ ಆಫೀಸಿಂದ ಫೋನ್ ಮಾಡಿ ‘ಪಾಸ್‌ವರ್ಡ್ ಸೇವ್ ಆಗ್ತಿಲ್ಲ’ ಅಂದಾಗ ನೀವು ಸಿಲ್ಕ್ ಬೋರ್ಡ್‌ನಲ್ಲಿರ್ತೀರಿ.

ಮತ್ತೆ ಗೃಹಜ್ಯೋತಿ ಲೆಕ್ಕ ತಪ್ಪು. ಅದು ನಿಮ್ಮ ಮನೆಯ ಸರಾಸರಿ ಮೇಲೆ ನಿಂತಿರೋದು. ಸರಾಸರಿ 196 ಇರೋ ಮನೆಗೆ ತಿಂಗಳಿಗೆ 3.65 ಸೇರಿದ್ರೆ 199.65. ಏಪ್ರಿಲ್‌ನಲ್ಲಿ ಒಂದು ಫ್ಯಾನ್ ಜಾಸ್ತಿ ತಿರುಗಿದ್ರೆ 200 ದಾಟಿ ಪೂರ್ತಿ ಬಿಲ್.

ಪೈಮಾಮ
196 ಯೂನಿಟ್ ಸುಡೋ ಮನೆಯವರಿಗೆ ಪೈ ಅಲ್ಲ ಸಮಸ್ಯೆ, ಗೀಸರ್.

ಬಸವನಗುಡಿ_ಬೀಗ
ದುಡ್ಡು ಕೊಟ್ಟು ಒನ್‌ಪಾಸ್‌ವರ್ಡ್ ತಗೊಂಡವನು ನಾನೊಬ್ಬನೇ ಅನ್ಸುತ್ತೆ. ಬೈಯ್ಯೋ ಮುಂಚೆ ಒಂದು ವಿಷಯ. ಲಾಸ್ಟ್‌ಪಾಸ್ ಅನ್ನೋ ಇಂಥದ್ದೇ ಕಂಪನಿಯಿಂದ 2022ರಲ್ಲಿ ಗ್ರಾಹಕರ ವಾಲ್ಟ್ ಬ್ಯಾಕಪ್‌ಗಳೇ ಕಳುವಾದವು, ಡಿಸೆಂಬರ್ 22ಕ್ಕೆ ಅವರೇ ಒಪ್ಪಿಕೊಂಡರು. ವೆಬ್‌ಸೈಟ್ ವಿಳಾಸಗಳು ಅದರಲ್ಲಿ ಬಿಚ್ಚಿಟ್ಟಂಗೆ ಇದ್ದವು. ಹಳೇ ಖಾತೆಗಳಲ್ಲಿ ಊಹೆ ನಿಧಾನ ಮಾಡೋ ಪಿಬಿಕೆಡಿಎಫ್2 ಸುತ್ತು ಬರೀ 5,000, ಈಗ ಸಲಹೆ ಮಾಡೋದು 6 ಲಕ್ಷ. ಕದ್ದವನು ಮನೇಲಿ ಕೂತು ಪುರುಸೊತ್ತಾಗಿ ಮಾಸ್ಟರ್ ಪಾಸ್‌ವರ್ಡ್ ಊಹಿಸಬಹುದು. ಒನ್‌ಪಾಸ್‌ವರ್ಡ್‌ನಲ್ಲಿ 34 ಅಕ್ಷರದ ಸೀಕ್ರೆಟ್ ಕೀ ಬೇರೆ ಬೆರೆಯುತ್ತೆ, ಅದು ಅವರ ಸರ್ವರ್‌ಗೆ ಹೋಗೋದೇ ಇಲ್ಲ. ನಿಮ್ಮ ಮಾಸ್ಟರ್ ಪಾಸ್‌ವರ್ಡ್ ಸುಮಾರಾಗಿದ್ದರೂ ಕದ್ದ ವಾಲ್ಟ್ ತೆರೆಯಲ್ಲ.

ನೋವು ಎಲ್ಲಿ ಅಂದ್ರೆ ಹಣ ಕಟ್ಟೋದ್ರಲ್ಲಿ. ಡಾಲರ್ ಬೆಲೆ, ಅದರ ಮೇಲೆ ಜಿಎಸ್‌ಟಿ ಶೇ 18, ಕಾರ್ಡ್‌ನ ಫಾರೆಕ್ಸ್ ಮಾರ್ಕಪ್ ಶೇ 3.5, ಆ ಮಾರ್ಕಪ್ ಮೇಲೆ ಮತ್ತೆ ಜಿಎಸ್‌ಟಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬೇರೆ. ಮ್ಯಾಂಡೇಟ್ ನೋಂದಣಿ ಆಗದ ಕಾರ್ಡ್‌ನಿಂದ ವಾರ್ಷಿಕ ಹಣ ತಾನಾಗಿ ಹೋಗಲ್ಲ, ಸುಮ್ಮನೆ ಫೇಲ್ ಆಗುತ್ತೆ. ಖಾತೆ ಆಮೇಲೆ ಓದೋಕೆ ಮಾತ್ರ, ಹೊಸದು ಬರೆಯೋ ಹಾಗಿಲ್ಲ. ಕ್ಯಾಲೆಂಡರ್‌ನಲ್ಲಿ ಹತ್ತು ದಿನ ಮುಂಚೆ ಗುರುತು ಹಾಕಿ ಕೈಯಾರೆ ಕಟ್ಟಬೇಕು.

ಕೀಲಿಗೊಂಚಲು
ಅವರು ಸಾವಿರ ದಾಟಬಾರದು ಅಂದಿದ್ದಾರೆ. ಮೊದಲ ಸಾಲು ಓದಿದ್ರಾ?

ಬಸವನಗುಡಿ_ಬೀಗ
ನೀವು ಐಫೋನ್ ಇದೆ ಅನ್ನೋ ಸಾಲು ಓದಿದಷ್ಟೇ ಓದಿದೀನಿ.

ಕೀಲಿಗೊಂಚಲು
ಐಫೋನ್‌ಗೆ ಕೀಪಾಸಿಯಂ ಇದೆ, ಸ್ಟ್ರಾಂಗ್‌ಬಾಕ್ಸ್ ಇದೆ. ಕಡತವನ್ನ ಯಾವ ಡ್ರೈವ್‌ನಲ್ಲಿಟ್ಟರೂ ಓದುತ್ತೆ. ಅದಕ್ಕೇ ಕೀ ಫೈಲ್ ಬೇರೆ ಸಾಗಿಸಿ ಅಂದಿದ್ದು. ನೀವು ಕೊಡೋ ಡಾಲರ್‌ನ ಸೀಕ್ರೆಟ್ ಕೀ ಮಾಡೋ ಕೆಲಸವನ್ನೇ ಅದು ಪುಕ್ಕಟೆ ಮಾಡುತ್ತೆ.

ಐಟಿಪಿಎಲ್_ರಾತ್ರಿಪಾಳಿ
ಎಲ್ಲರೂ ಆ್ಯಪ್ ಹೆಸರು ಹಿಡ್ಕೊಂಡು ಕುಸ್ತಿ. ಆಫೀಸ್ ಲ್ಯಾಪ್‌ಟಾಪ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಅದರಲ್ಲಿ ವೈಯಕ್ತಿಕ ವಾಲ್ಟ್ ತೆರೆಯಲೇಬೇಡಿ, ವೆಬ್ ವಾಲ್ಟ್ ಕೂಡ. ಅಲ್ಲಿ ಕಂಪನಿಯ ಸರ್ಟಿಫಿಕೇಟ್ ಕೂತಿರುತ್ತೆ, ಎಚ್‌ಟಿಟಿಪಿಎಸ್ ಬಿಚ್ಚಿ ನೋಡೋ ಪ್ರಾಕ್ಸಿ ಇರಬಹುದು, ಪರದೆ ದಾಖಲಿಸೋ ಏಜೆಂಟ್ ಇರಬಹುದು. ಅಪರೂಪಕ್ಕೆ ಬೇಕಾದ್ರೆ ಫೋನ್‌ನಲ್ಲಿ ನೋಡಿ ಕೈಯಲ್ಲಿ ಟೈಪ್ ಮಾಡಿ. ಹಾಗೆ ಟೈಪ್ ಮಾಡೋ ಲಾಗಿನ್‌ಗಳಿಗೆ ಮಾತ್ರ ಜನರೇಟರ್‌ನಲ್ಲಿ ಪದಗಳ ಪಾಸ್‌ಫ್ರೇಸ್ ಆರಿಸಿ, ಉಳಿದದ್ದಕ್ಕೆಲ್ಲ 20 ಅಕ್ಷರ ಕಲಸುಮೇಲೋಗರ.

ಕೆಲವು ಬ್ಯಾಂಕ್ ಸೈಟ್‌ಗಳಿಗೆ 20 ನಡೆಯಲ್ಲ. ಕೆಲವು ನೋಂದಣಿ ಪುಟದಲ್ಲಿ 24 ಅಕ್ಷರ ಅಂಟಿಸಿದ್ರೆ ಸದ್ದಿಲ್ಲದೆ 16ಕ್ಕೆ ಕತ್ತರಿಸುತ್ತವೆ, ಲಾಗಿನ್ ಪುಟ ಕತ್ತರಿಸಲ್ಲ. ಮೂರು ಸಲ ತಪ್ಪು ಅಂತ ಖಾತೆ ಲಾಕ್. ಹೊಸ ಪಾಸ್‌ವರ್ಡ್ ಹಾಕಿದ ಮೇಲೆ ಹಳೇ ಟ್ಯಾಬ್ ಮುಚ್ಚದೆ ಇನ್ನೊಂದು ಖಾಸಗಿ ಕಿಟಕಿಯಲ್ಲಿ ಲಾಗಿನ್ ಆಗಿ ನೋಡಿ. ಆದ್ರೆ ಮಾತ್ರ ವಾಲ್ಟ್‌ನಲ್ಲಿ ಹಳೇದನ್ನ ತೆಗೀರಿ.

ಕ್ರೋಮ್ ಅಷ್ಟೇನೂ ಕೆಟ್ಟದ್ದಲ್ಲ, ಇಲ್ಲಿ ಬೈಯೋದು ಫ್ಯಾಷನ್. ವಿಂಡೋಸ್‌ನಲ್ಲಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆ ಬರೋ, ಮಾಹಿತಿ ಕದಿಯೋ ಇನ್ಫೋಸ್ಟೀಲರ್‌ಗಳು ಮೊದಲು ಕೈ ಹಾಕೋದು ಬ್ರೌಸರ್‌ನ ಪಾಸ್‌ವರ್ಡ್ ಡಬ್ಬಿಗೆ, ಅದು ನಿಜ. 2024ರ ಜುಲೈನಲ್ಲಿ ಕ್ರೋಮ್ 127ರಿಂದ ಕ್ರೋಮ್‌ಗೇ ಕಟ್ಟಿದ ಎನ್‌ಕ್ರಿಪ್ಶನ್ ತಂದರು, ಮೊದಲು ಕುಕಿಗಳಿಗೆ (ಲಾಗಿನ್ ನೆನಪಿಡೋ ಚೀಟಿ). ಕಷ್ಟ ಆಯ್ತು, ಅಸಾಧ್ಯ ಆಗಲಿಲ್ಲ. ಕದಿಯೋರು ಪಾಸ್‌ವರ್ಡ್ ಬಿಟ್ಟು ಲಾಗಿನ್ ಆದ ಕುಕಿಯನ್ನೇ ಎತ್ತಿಕೊಂಡು ಹೋದ್ರೆ ನಿಮ್ಮ ಕೀಪಾಸೂ ಕಾಯಲ್ಲ.

ದಾರಿಹೋಕ_ಆರ್‌ಆರ್‌ನಗರ
ಮಾಸ್ಟರ್ ಪಾಸ್‌ವರ್ಡ್‌ಗೆ ಕನ್ನಡ ಗಾದೆ ಹಾಕಿ ಗುರೂ. ಕೈ ಕೆಸರಾದರೆ ಬಾಯಿ ಮೊಸರು. ಅಮೆರಿಕದ ಹ್ಯಾಕರ್‌ಗೆ ಹೇಗೆ ಗೊತ್ತಾಗುತ್ತೆ.

ಅಕ್ಷರಶಃ
ಗಾದೆ ಅಂದ್ರೇನೇ ಎಲ್ಲರ ಬಾಯಲ್ಲಿರೋದು. ಊಹೆಪಟ್ಟಿ ಕಟ್ಟೋರು ವಿಕಿಪೀಡಿಯ, ಹಾಡಿನ ಸಾಹಿತ್ಯ, ಗಾದೆ ಎಲ್ಲ ಎಲ್ಲ ಭಾಷೆಯಿಂದ ಬಾಚ್ತಾರೆ. ಅದಕ್ಕಿಂತ ಮೊದಲು ನೀವೇ ಹೊರಗುಳೀತೀರಿ. ಇಂಗ್ಲಿಷ್ ಅಕ್ಷರದಲ್ಲಿ ‘ಬಾಯಿ’ಗೆ ಎರಡು ಎ ಹಾಕಿದ್ರಾ, ಒಂದಾ? ಕೊನೆಗೆ ಐ ಒಂದೇನಾ, ಅದರ ಹಿಂದೆ ವೈ ಇದೆಯಾ? ಒಂದೇ ಪದಕ್ಕೆ ನಾಲ್ಕು ಕಾಗುಣಿತ, ನಾಲ್ಕು ಪದಕ್ಕೆ 256.

ಕನ್ನಡ ಲಿಪಿಯಲ್ಲೇ ಹಾಕ್ತೀನಿ ಅನ್ನೋರಿಗೆ ಇನ್ನೂ ದೊಡ್ಡ ಗುಂಡಿ. ‘ಕ್ಷ’ ಕಣ್ಣಿಗೆ ಒಂದು ಅಕ್ಷರ, ಒಳಗೆ ಮೂರು. ‘ಕೊ’ದ ಸ್ವರಚಿಹ್ನೆಯನ್ನ ಯೂನಿಕೋಡ್‌ನಲ್ಲಿ ಒಂದೇ ಗುರುತಾಗಿ ಬರೆಯಬಹುದು, ಎ-ಕಾರ ಊ-ಕಾರ ಸೇರಿಸಿ ಎರಡಾಗಿಯೂ ಬರೆಯಬಹುದು. ಪರದೆ ಮೇಲೆ ಕೂದಲೆಳೆ ವ್ಯತ್ಯಾಸ ಇರಲ್ಲ, ಒಳಗೆ 3 ಬೈಟ್ ಬದಲು 6. ಪದದ ಕೊನೆಯ ಅರ್ಧಾಕ್ಷರದ ಬೆನ್ನಿಗೆ ಒಂದು ಕೀಬೋರ್ಡ್ ಕಾಣದ ಜೋಡಣೆ-ತಡೆ ಗುರುತು ಸೇರಿಸುತ್ತೆ, ಇನ್ನೊಂದು ಸೇರಿಸಲ್ಲ. ಆರ್ಗಾನ್2 ನೋಡೋದು ಬೈಟ್‌ಗಳನ್ನ, ನಿಮ್ಮ ಕನ್ನಡಾಭಿಮಾನವನ್ನಲ್ಲ. ಫೋನ್‌ನ ಕೀಬೋರ್ಡ್ ಬದಲಾದ ದಿನ ವಾಲ್ಟ್ ಬಾಗಿಲು ಹಾಕ್ಕೊಳ್ಳುತ್ತೆ.

ಮಾಡೋದಾದ್ರೆ ಹೀಗೆ ಮಾಡಿ: ನಾಲ್ಕು ದಾಳ ಉರುಳಿಸಿದ್ರೆ 1,296 ಸಾಧ್ಯತೆ. ಅಷ್ಟು ಚಿಕ್ಕ ಕನ್ನಡ ಪದಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಒಂದೇ ಇಂಗ್ಲಿಷ್ ಕಾಗುಣಿತ ನಿಗದಿ ಮಾಡಿ. ಊಹಿಸೋ ಕಷ್ಟ ಅಳೆದರೆ ಪದಕ್ಕೆ 10.3 ಬಿಟ್, ಏಳು ಪದಕ್ಕೆ 72. ಐದು ದಾಳದ 7,776 ಪದಗಳ ಇಂಗ್ಲಿಷ್ ಪಟ್ಟಿಯಾದ್ರೆ ಪದಕ್ಕೆ 12.9, ಆರು ಪದಕ್ಕೆ 77. ದಾಳ ಹೇಳಿದ ಪದ ಚೆನ್ನಾಗಿಲ್ಲ ಅಂತ ಇನ್ನೊಂದು ಸಲ ಉರುಳಿಸಬಾರದು, ಅಲ್ಲಿಗೆ ಲೆಕ್ಕ ಕೆಟ್ಟಿತು.

ದಾರಿಹೋಕ_ಆರ್‌ಆರ್‌ನಗರ
1,296 ಪದ ಬರೆಯೋಷ್ಟರಲ್ಲಿ ಹ್ಯಾಕರ್‌ಗೇ ಕನ್ನಡ ಬಂದಿರುತ್ತೆ.

ವಿಜಯನಗರದವ
ಎಲ್ಲರಿಗೂ ಧನ್ಯವಾದ. ಅಪ್ಪನ ಡೈರಿ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನ ಸುಟ್ಟುಬಿಡಲಾ?

ಧಾರವಾಡ_ಟು_ಯಲಹಂಕ
ಯಾಕ ಸುಡ್ತೀರಿ? ಡೈರಿ ಹ್ಯಾಕ್ ಮಾಡಾಕ ಮನಿಗೇ ಬರಬೇಕ್ರೀ. ಎಪ್ಪತ್ತರ ಮ್ಯಾಲಿನವ್ರಿಗೆ ಮಾಸ್ಟರ್ ಪಾಸ್‌ವರ್ಡ್ ಕಲಿಸಾಕ ಹೋದ್ರ ಅದನ್ನೂ ಅದೇ ಡೈರಿಯೊಳಗ ಬರೀತಾರ. ಪಾಸ್‌ವರ್ಡಿನ ಕಡೀ ನಾಕು ಅಕ್ಷರ ಮಾತ್ರ ಬರೀಬ್ಯಾಡ್ರಿ, ಅದು ಎಲ್ಲಾದಕ್ಕೂ ಒಂದ ಇರ್ಲಿ, ಬಾಯಾಗ ಇರ್ಲಿ. ಯುಪಿಐ ಪಿನ್ ಬರೀಲೇಬ್ಯಾಡ್ರಿ. ಡೈರಿ ಕಪಾಟಿನ್ಯಾಗ, ಚೀಲದಾಗ ಅಲ್ಲ.

ಅವರಿಗೆ ಆಟೋಫಿಲ್ ಹಾಕಿಕೊಡೋದಿದ್ರ ಕಾರಣ ಬ್ಯಾರೆ ಐತಿ. ‘ಬಿಲ್ ಕಟ್ಟಿಲ್ಲ, ಇವತ್ತ ರಾತ್ರಿ 9.30ಕ್ಕ ಕರೆಂಟ್ ಕಟ್’ ಅಂತ ಮೆಸೇಜ್ ಬರ್ತದಲ್ಲ, ಆ ಲಿಂಕಿನ ಪುಟ ಥೇಟ್ ಅಸಲೀನೇ ಕಾಣ್ತದ. ಆದ್ರ ವಿಳಾಸ ಹೊಂದೂದಿಲ್ಲ, ಆಟೋಫಿಲ್ ಬಾಯಿ ಬಿಡೂದಿಲ್ಲ. ಅದು ಸುಮ್ಮನಿದ್ರ ನೀವೂ ಸುಮ್ಮನಿರ್ರಿ ಅಂತ ಹೇಳ್ರಿ. ಅಷ್ಟಾದ್ರೂ ರೊಕ್ಕ ಹೋದ್ರ ತಡ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್. ಆ ನಂಬರ್ ಡೈರಿ ಮೊದಲ ಪುಟದಾಗ ಬರೀರಿ.

ಚುರುಮುರಿ
ಕೊನೇ ನಾಲ್ಕು ಅಕ್ಷರ ಎಲ್ಲಕ್ಕೂ ಒಂದೇ ಅಂದ್ರೆ ಒಂದು ಸೈಟ್ ಸೋರಿದ್ರೆ ಆ ಗುಟ್ಟೂ ಸೋರುತ್ತೆ.

ಧಾರವಾಡ_ಟು_ಯಲಹಂಕ
ಸೋರಿದವನ ಕೈಯಾಗ ಡೈರಿ ಇರಬೇಕಲ್ರೀ. ಎರಡೂ ಒಬ್ಬನ ಕೈಗೆ ಸಿಗೂದು ಯಾವಾಗ?

ವಿಜಯನಗರದವ
ಸರಿ, ಬಿಟ್‌ವಾರ್ಡನ್ ಉಚಿತ ಖಾತೆ ಮಾಡಿದೆ, ರಿಕವರಿ ಕೋಡ್ ಕಾಗದಕ್ಕೆ ಬರೆದೆ, ಇಮೇಲ್ ಪಾಸ್‌ವರ್ಡೂ ಅದೇ ಕಾಗದದಲ್ಲಿ. ಕ್ರೋಮ್‌ನಿಂದ ಸಿಎಸ್‌ವಿ ಎಕ್ಸ್‌ಪೋರ್ಟ್ ಮಾಡಿ ಇಂಪೋರ್ಟ್ ಮಾಡಿದೆ. 140ರಲ್ಲಿ 138 ಬಂದಿವೆ. ಉಳಿದೆರಡು?

ಐಟಿಪಿಎಲ್_ರಾತ್ರಿಪಾಳಿ
ಅವೆರಡು ಪಾಸ್‌ಕೀ (ಪಾಸ್‌ವರ್ಡ್ ಬದಲು ಬಳಸೋ ಡಿಜಿಟಲ್ ಕೀಲಿ) ಇರಬಹುದು. ಸಿಎಸ್‌ವಿಯಲ್ಲಿ ಪಾಸ್‌ಕೀ ಬರಲ್ಲ, ಆ ಸೈಟ್‌ಗಳಿಗೆ ಹೋಗಿ ಹೊಸದಾಗಿ ಮಾಡಬೇಕು. ಆಂಡ್ರಾಯ್ಡ್ 14, ಐಓಎಸ್ 17ರಿಂದ ಮುಂದಿನ ಫೋನಾದ್ರೆ ಬಿಟ್‌ವಾರ್ಡನ್‌ನಲ್ಲೇ ಇಡಬಹುದು. ಆ ಸಿಎಸ್‌ವಿ ಬರೀ ಪಠ್ಯ ಕಡತ, 138 ಪಾಸ್‌ವರ್ಡ್ ಬಟ್ಟೆ ಇಲ್ಲದೆ ನಿಂತಿವೆ. ಡೌನ್‌ಲೋಡ್ಸ್‌ನಿಂದ ಅಳಿಸಿ, ಟ್ರ್ಯಾಶ್ ಖಾಲಿ ಮಾಡಿ. ಕ್ರೋಮ್‌ನ ಸೇವ್ ಆಯ್ಕೆ ಆಫ್ ಮಾಡಿ, ಇಲ್ಲಾಂದ್ರೆ ಎರಡೂ ಕಡೆ ಉಳಿದು ಆರು ತಿಂಗಳಿಗೆ ಯಾವುದು ಸರಿ ಅಂತ ಗೊತ್ತಾಗಲ್ಲ. ಎಕ್ಸ್‌ಪೋರ್ಟ್ ಮಾಡಿದ್ದು ಉಬುಂಟುವಿನಲ್ಲಿ ತಾನೆ?

ವಿಜಯನಗರದವ
ಆಫೀಸ್ ಲ್ಯಾಪ್‌ಟಾಪ್‌ನಲ್ಲಿ. ಕ್ರೋಮ್ ಅದರಲ್ಲೂ ಲಾಗಿನ್ ಆಗಿತ್ತು.

ಐಟಿಪಿಎಲ್_ರಾತ್ರಿಪಾಳಿ
ಅಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಕಂಪನಿಯ ಕ್ಲೌಡ್‌ಗೆ ತಾನಾಗಿ ಹೋಗುತ್ತಾ?

ವಿಜಯನಗರದವ
ಕಡತದ ಪಕ್ಕ ಹಸಿರು ಟಿಕ್ ಇದೆ.

ಐಟಿಪಿಎಲ್_ರಾತ್ರಿಪಾಳಿ
ಹೋಗಿದೆ. ನೀವು ಅಳಿಸಿದ್ರೂ ಅವರ ರೀಸೈಕಲ್ ಬಿನ್‌ನಲ್ಲಿ, ಬ್ಯಾಕಪ್‌ನಲ್ಲಿ ಉಳಿಯುತ್ತೆ. ಈಗ ಮನೆ ಲ್ಯಾಪ್‌ಟಾಪ್ ತೆಗೆದು ಇಮೇಲ್ ಪಾಸ್‌ವರ್ಡ್ ಬದಲಿಸಿ, ಬೇರೆಲ್ಲ ಕಡೆಯ ಸೆಷನ್ ಲಾಗೌಟ್ ಮಾಡಿ, ಕಾಗದದಲ್ಲೂ ತಿದ್ದಿ. ಆಮೇಲೆ ಬ್ಯಾಂಕು, ಡಿಜಿಲಾಕರ್, ಆದಾಯ ತೆರಿಗೆ, ಪಿಎಫ್. ದಿನಕ್ಕೆ ಇಪ್ಪತ್ತರಂತೆ ಮಾಡಿದ್ರೆ ಒಂದು ವಾರ. ಮರೆತ ಶಾಪಿಂಗ್ ಸೈಟ್‌ಗಳಿಗೆ ಹೊಸ ಪಾಸ್‌ವರ್ಡ್ ಹಾಕೋ ಬದಲು ಖಾತೆಯನ್ನೇ ಮುಚ್ಚಿ, 138ರಲ್ಲಿ ಅರ್ಧ ಅಂಥವೇ ಇರುತ್ತವೆ.

ಕೀಲಿಗೊಂಚಲು
ಕೀಪಾಸ್‌ಎಕ್ಸ್‌ಸಿಗೆ ಬಂದಿದ್ರೂ ಇದೇ ಸಿಎಸ್‌ವಿ ಬೇಕಿತ್ತು, ಅದನ್ನ ಒಪ್ಪಿಕೊಳ್ತೀನಿ. ಆದ್ರೆ ಉಬುಂಟುವಿನಲ್ಲಿ ಮಾಡಿರ್ತಿದ್ರು.

ಪೈಮಾಮ
ನಮ್ಮ ಮನೆ ಕಳೆದ ತಿಂಗಳ ಬಿಲ್ ಈಗ ನೋಡಿದೆ, 118 ಯೂನಿಟ್. ಪೈ ಸೇರಿ.